ದೊರೆ ತಿರುಗಿ ನೋಡಲು ಒಂದು ಕಾರಣ ಬೇಕಿತ್ತು

ಬದುಕಿರುವವರ ಬಗ್ಗೆ ಬರೆಯುವುದು ಕಷ್ಟ, ಸತ್ತವರ ಬಗ್ಗೆ ಬರೆಯುವುದು ಸುಲಭ ಎಂದು ನಾನು ಬಹಳ ಕಾಲ ನಂಬಿದ್ದೆ. ಈ ನಂಬಿಕೆಗೆ ಅನುಭವದ ಬಲವೂ ಇತ್ತು. ಒಮ್ಮೆ ಮಕ್ಕಳಿಗೆಂದು ಬರೆದ ಒಂದು ಸಣ್ಣ ಕಥೆಯಲ್ಲಿ ಗೊರಕೆ ಹೊಡೆಯುವ ಸೋದರಮಾವನೊಬ್ಬ ಬಂದು ಹೋಗಿದ್ದ. ಹರಪನಹಳ್ಳಿಯಲ್ಲಿರುವ ನನ್ನ ಸೋದರಮಾವ ಅದನ್ನು ಯಾರಿಂದಲೋ ಓದಿಸಿಕೊಂಡು, ಮುಂದೆ ಒಂದು ವರ್ಷ ನಮ್ಮ ಮನೆಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಎಲ್ಲಿ ಮಲಗಿದ್ದರೂ ಗೊರಕೆ ಮಾತ್ರ ಹೊಡೆಯುತ್ತಲೇ ಇದ್ದ ಎಂದು ಅವನ ಹೆಂಡತಿ ಅತ್ತೆಮ್ಮನಿಂದ ಸುದ್ದಿ ಬರುತ್ತಿತ್ತು. ಐನೂರು ವರ್ಷಗಳ ಹಿಂದಿನವರಾದರೆ ಈ ತಾಪತ್ರಯವಿಲ್ಲ. ಅವರ ಬಾಯಲ್ಲಿ ಏನು ಬೇಕಾದರೂ ಆಡಿಸಬಹುದು, ಬೇಕಾದವರಿಗೆ ಕುದುರೆ ಹತ್ತಿಸಬಹುದು, ಬೇಡವಾದವರನ್ನು ಬೆಟ್ಟದಿಂದ ಕೆಳಕ್ಕೆ ಉರುಳಿಸಬಹುದು. ಯಾರೂ ಎದ್ದು ಬಂದು ಬಾಗಿಲು ತಟ್ಟುವುದಿಲ್ಲ. ಅವರ ಪರವಾಗಿ ನಮ್ಮ ಖಾದರ್ ಸರ್ ಬಂದು ತಟ್ಟುತ್ತಾರೆ ಎಂಬುದು ಮಾತ್ರ ನನಗೆ ಆಗ ಗೊತ್ತಿರಲಿಲ್ಲ.

ಖಾದರ್ ಸರ್ ಎಂದರೆ ಹಗರಿಬೊಮ್ಮನಹಳ್ಳಿಯಲ್ಲಿ ನಾನು ಕನ್ನಡ ಕಲಿಸುತ್ತಿದ್ದ ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಷ್ಟ್ರು. ಅವರ ಅಣ್ಣತಮ್ಮಂದಿರೆಲ್ಲ ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟವರು. ಟ್ರ್ಯಾಕ್ಟರಿನಲ್ಲಿ ಒಂದು ನಟ್ಟು ಸಡಿಲವಿದ್ದರೂ ಗಾಡಿಯನ್ನು ಹೊರಗೆ ಬಿಡದ ಮನೆತನ. ಇವರೊಬ್ಬರು ಮಾತ್ರ ಗಾಡಿ ಬಿಟ್ಟು, ಚರಿತ್ರೆಯ ನಟ್ಟು ಬಿಗಿ ಮಾಡುವ ಕೆಲಸಕ್ಕೆ ಬಂದಿದ್ದರು. ಬಿಗಿ ಮಾಡುವುದರಲ್ಲಿ ಅಣ್ಣತಮ್ಮಂದಿರಿಗಿಂತ ಒಂದು ಕೈ ಮೇಲೆ.

ದಾವಣಗೆರೆಯ ಒಬ್ಬ ಪ್ರಕಾಶಕರು ಮಕ್ಕಳಿಗಾಗಿ ನಮ್ಮ ಸೀಮೆಯ ಇತಿಹಾಸವನ್ನು ಕಥೆಯಾಗಿ ಬರೆದುಕೊಡಿ ಎಂದು ಕೇಳಿದ್ದು ತೊಂಬತ್ತರ ದಶಕ ಮುಗಿಯುತ್ತಿದ್ದ ದಿನಗಳಲ್ಲಿ. ಯಾವ ಊರಿನ ಕಥೆ ಎಂದು ನಾನು ಯೋಚಿಸಲೇ ಇಲ್ಲ. ಹೂವಿನಹಡಗಲಿ ತಾಲ್ಲೂಕಿನ ಹೊಳಲು ನನ್ನ ಮನಸ್ಸಿನಲ್ಲಿ ಚಿಕ್ಕಂದಿನಿಂದ ಕೂತಿತ್ತು. ಅಲ್ಲಿ ಅನಂತಶಯನನ ಗುಡಿಯಿದೆ. ಹಾವಿನ ಸುರುಳಿಯ ಮೇಲೆ ಕೈ ತಲೆಗಿಟ್ಟು ಉದ್ದಕ್ಕೆ ಮಲಗಿದ ದೇವರು. ಇತ್ತ ಹೊಸಪೇಟೆಯ ಹತ್ತಿರ ಅದೇ ದೇವರ ಹೆಸರಿನ ಇನ್ನೊಂದು ಗುಡಿಯಿದೆ. ಅದು ದೊಡ್ಡದು, ಅಷ್ಟೆತ್ತರದ್ದು, ಒಳಗೆ ದೇವರು ಮಲಗಲೆಂದೇ ಮಾಡಿದ ಉದ್ದನೆಯ ಪೀಠವಿದೆ, ಆದರೆ ಮಲಗಿದವರು ಯಾರೂ ಇಲ್ಲ. ಅಪ್ಪ ನನ್ನನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಆ ಖಾಲಿ ಪೀಠದ ಮುಂದೆ ನಿಂತಾಗ, ಯಾರೋ ಈಗತಾನೆ ಎದ್ದು ನೀರು ಕುಡಿಯಲು ಹೋಗಿದ್ದಾರೆ, ಇನ್ನೇನು ಬರುತ್ತಾರೆ ಎನ್ನಿಸಿ ನಾನು ಅಪ್ಪನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದೆ. ಅಂಥ ಖಾಲಿತನವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಜನ ಹೇಳುವ ಕಥೆ ಹೀಗೆ. ವಿಜಯನಗರದ ದೊರೆ ಹೊಸಪೇಟೆಯ ಬಳಿ ಗುಡಿ ಕಟ್ಟಿಸಿ, ಹೊಳಲಿನ ದೇವರನ್ನು ಬಾ ಎಂದು ಕರೆದ. ದೇವರು ಒಪ್ಪಿದ. ನೀನು ಮುಂದೆ ನಡೆ, ನಾನು ಹಿಂದೆ ಬರುತ್ತೇನೆ, ತಿರುಗಿ ಮಾತ್ರ ನೋಡಬೇಡ, ನೋಡಿದರೆ ಅಲ್ಲೇ ನಿಲ್ಲುತ್ತೇನೆ ಎಂದ. ದೊರೆ ನಡೆದ. ನಡೆಯುತ್ತ ನಡೆಯುತ್ತ ತಿರುಗಿ ನೋಡಿಬಿಟ್ಟ. ದೇವರು ಹೊಳಲಿನಲ್ಲೇ ಉಳಿದ, ಹೊಸಪೇಟೆಯಲ್ಲಿ ಪೀಠ ಖಾಲಿ ಉಳಿಯಿತು. ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ, ಆದರೆ ಎಲ್ಲರೂ ದೊರೆಯ ಕುತ್ತಿಗೆಯನ್ನು ತಿರುಗಿಸಿಯೇ ತಿರುಗಿಸುತ್ತಾರೆ. ಅವನು ಯಾಕೆ ತಿರುಗಿ ನೋಡಿದ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಕುತೂಹಲ ಎನ್ನುತ್ತಾರೆ, ಅನುಮಾನ ಎನ್ನುತ್ತಾರೆ. ರಾಜ್ಯ ಆಳುವವನು ಅಷ್ಟು ಅಗ್ಗದ ಕಾರಣಕ್ಕೆ ದೇವರನ್ನು ಕಳೆದುಕೊಂಡಾನೇ? ಕಥೆ ಬರೆಯುವವರಿಗೆ ಬೇಕಾದ ಬಾಗಿಲು ಇದೇ ಎಂದುಕೊಂಡೆ. ಚರಿತ್ರೆ ಎಲ್ಲಿ ಬಾಯಿ ಮುಚ್ಚುತ್ತದೋ ಅಲ್ಲಿ ನಾವು ಬಾಯಿ ತೆರೆಯಬೇಕು.

ಬಾಯಿ ತೆರೆದೆ, ಅದರೊಳಗೆ ಮಿರ್ಚಿ ಬಂತು. ನನ್ನ ಕಥೆಯಲ್ಲಿ ಚೆನ್ನಿ ಎಂಬ ಹುಡುಗಿ. ಹೊಳಲಿನವಳು, ಗುಡಿಯ ಪಕ್ಕದ ಮನೆ. ದಿನಾ ಕಾಣುವ ದೇವರು ಊರು ಬಿಟ್ಟು ಹೋಗುತ್ತಾನೆ ಎಂದು ಅವಳಿಗೆ ಅಳು. ದೊರೆ ಊರು ದಾಟುವ ಹೊತ್ತಿಗೆ ಸರಿಯಾಗಿ ಅವಳು ಒಲೆಯ ಮೇಲೆ ಬಾಣಲೆ ಇಟ್ಟು, ಹಸಿ ಮೆಣಸಿನಕಾಯಿಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಾಳೆ. ಘಮ ಗಾಳಿಯಲ್ಲಿ ಹೋಗಿ ದೊರೆಯ ಮೂಗು ಮುಟ್ಟುತ್ತದೆ. ದೊರೆ ತಿರುಗುತ್ತಾನೆ. ಸಂಜೆಯ ಹೊತ್ತು ಮಂಡಕ್ಕಿ ಮಿರ್ಚಿಯ ಗಾಡಿಯನ್ನು ತಿರುಗಿ ನೋಡದೆ ಮುಂದೆ ಹೋದ ಒಬ್ಬ ಗಂಡಸನ್ನೂ ನಾನು ಕೊಟ್ಟೂರಿನಿಂದ ಹರಪನಹಳ್ಳಿಯ ತನಕ ಕಂಡಿರಲಿಲ್ಲವಾದ್ದರಿಂದ ಈ ಕಾರಣ ನನಗೆ ಅಲುಗಾಡದ ಸತ್ಯ ಎನ್ನಿಸಿತ್ತು. ಬರೆದು ಮುಗಿಸಿ, ತಾರೀಖು ಗೀರೀಖು ನೋಡಿಕೊಡಿ ಎಂದು ಖಾದರ್ ಸರ್ ಕೈಗೆ ಕೊಟ್ಟೆ.

ಮರುದಿನ ಸ್ಟಾಫ್ ರೂಮಿನಲ್ಲಿ ಅವರು ಕನ್ನಡಕ ಒರೆಸುತ್ತ ಕೂತಿದ್ದರು. ಕನ್ನಡಕ ಒರೆಸುತ್ತಿದ್ದರೆ ಯಾವನೋ ಹುಡುಗ ಪಾಣಿಪತ್ತಿನ ಮೂರು ಯುದ್ಧಗಳನ್ನು ಒಂದೇ ದಿನ ಮುಗಿಸಿದ್ದಾನೆ ಎಂದರ್ಥ.

"ಮೇಡಂ, ಕಥಿ ಭಾಳ ಛಲೋ ಐತಿ," ಎಂದರು. "ಮೆಣಸಿನಕಾಯಿ ಒಂದು ತಗೀರಿ."

"ಯಾಕ್ರಿ ಸರ್? ಖಾರ ಆತೇನು?"

"ಆಗ ಮೆಣಸಿನಕಾಯಿ ಎಲ್ಲಿತ್ರಿ? ಅದು ಈ ದೇಶದ್ದಲ್ಲ. ಪೋರ್ಚುಗೀಸರು ಸಮುದ್ರದ ಆಚಿಂದ ಹಡಗಿನ್ಯಾಗ ತಂದದ್ದು. ನಿಮ್ಮ ದೊರಿ ಕಾಲಕ್ಕ ಬಂದಿದ್ರೂ ಗೋವಾದ ಸಮುದ್ರ ದಂಡ್ಯಾಗ ಇರಬೇಕು. ಹೊಳಲಿಗೆ ಬಂದು ಬಜ್ಜಿ ಆಗಾಕ ಇನ್ನೂ ಭಾಳ ದಿನ ಬೇಕು."

ನನಗೆ ರೇಗಿತು. "ಸರ್, ನನ್ನ ಕಥೆಯಾಗ ಕಲ್ಲಿನ ದೇವರು ಎದ್ದು ನಿಂತು ಮಾತಾಡ್ತಾನ. ದೊರೆ ಹಿಂದೆ ನಡಕೊಂಡು ಹೊರಡ್ತಾನ. ಅದಕ್ಕೆ ನಿಮ್ಮ ತಕರಾರು ಇಲ್ಲೇನು?"

"ಇಲ್ರಿ," ಎಂದರು ಶಾಂತವಾಗಿ. "ಅದು ಜನರ ನಂಬಿಕಿ. ನಂಬಿಕಿಗೆ ತಾರೀಖು ಇರಂಗಿಲ್ಲ. ಮೆಣಸಿನಕಾಯಿಗೆ ಐತಿ. ದೊಡ್ಡವರಿಗೆ ಬರದ್ರ ನಡೀತಿತ್ತು, ಅವರು ಹೆಂಗೂ ಮರೀತಾರ. ಹುಡುಗರಿಗೆ ಬರೀತೀರಿ. ಇವತ್ತು ಓದಿದ್ದು ಸಾಯೂತನಾ ಉಳೀತದ."

ಈ ಮಾತು ನನ್ನನ್ನು ಹಿಡಿದುಕೊಂಡಿತು. ದೊರೆಯ ಕುತ್ತಿಗೆ ತಿರುಗಿಸುವ ಹಕ್ಕು ನನಗಿದೆ, ಅವನು ನಡೆದ ಊರಿನ ಒಲೆಯನ್ನು ಬದಲಿಸುವ ಹಕ್ಕಿಲ್ಲ. ಸುಳ್ಳು ಎಷ್ಟು ದೊಡ್ಡದಾದರೂ ಇರಲಿ, ಅದರ ಕಾಲಡಿಯ ನೆಲ ನಿಜವಾಗಿರಬೇಕು. ಖಾದರ್ ಸರ್ ಇದನ್ನು ಇಷ್ಟು ಚೆಂದ ಹೇಳಲಿಲ್ಲ. ಅವರು ಹೇಳಿದ್ದು, "ಹಂಗ ಶೇಂಗಾ ಚಟ್ನಿನೂ ತಗದುಬಿಡ್ರಿ," ಎಂದು.

ಶೇಂಗಾ ತೆಗೆದೆ. ಟೊಮೆಟೊ ಹೋಯಿತು, ಆಲೂಗಡ್ಡೆ ಹೋಯಿತು. ಚೆನ್ನಿ ಒಂದು ಕಡೆ ಪೇರಲ ಮರ ಹತ್ತಿ ಕೂತಿದ್ದಳು, ಪೇರಲವೂ ಹೊರಗಿನದಂತೆ, ಅವಳನ್ನು ಇಳಿಸಿ ಹುಣಸೆ ಮರಕ್ಕೆ ಹತ್ತಿಸಿದೆ. ಮೆಕ್ಕೆಜೋಳದ ಹೊಲದಲ್ಲಿ ಬಚ್ಚಿಟ್ಟುಕೊಂಡಿದ್ದಳು, ಅದನ್ನು ಬರೀ ಜೋಳದ ಹೊಲ ಮಾಡಿದೆ. ಸೂರ್ಯಕಾಂತಿ ಹೂವು ಮುಡಿದಿದ್ದಳು, ಕಿತ್ತುಹಾಕಿದೆ. ನಾಲ್ಕು ದಿನದಲ್ಲಿ ನನ್ನ ನಾಯಕಿ ಹೊಟ್ಟೆಗೆ ಹಿಟ್ಟಿಲ್ಲದೆ, ಜುಟ್ಟಿಗೆ ಹೂವಿಲ್ಲದೆ ಹುಣಸೆ ಮರದ ಮೇಲೆ ಒಬ್ಬಳೇ ಕೂತಿದ್ದಳು.

ಇದೆಲ್ಲ ಬರೀ ಕಾಗದದ ಮೇಲಿನ ತೊಂದರೆಯಾಗಿದ್ದರೆ ನಾನು ನಿಮಗೆ ಹೇಳುತ್ತಿರಲಿಲ್ಲ. ನಮ್ಮ ಮನೆಯವರು ಕೊಟ್ರೇಶಪ್ಪ ಊರಿನ ಮಾರ್ಕೆಟ್ ಯಾರ್ಡಿನಲ್ಲಿ ದಲಾಲಿ ಅಂಗಡಿ ಇಟ್ಟಿದ್ದರು. ರೈತರು ತಂದ ಮಾಲು ರಾಶಿ ಹಾಕಿಸಿ ಹರಾಜು ಮಾಡಿಸುವ ಅಂಗಡಿ. ಮಾಲು ಯಾವುದು ಎಂದರೆ ಶೇಂಗಾ, ಮೆಣಸಿನಕಾಯಿ, ಮೆಕ್ಕೆಜೋಳ, ಸೂರ್ಯಕಾಂತಿ. ಊಟಕ್ಕೆ ಕೂತಾಗ ನಾನು ಖಾದರ್ ಸರ್ ಹೇಳಿದ್ದನ್ನು ಒಂದೊಂದಾಗಿ ಹೇಳುತ್ತ ಹೋದಂತೆ ಅವರ ಕೈ ತಟ್ಟೆಯಲ್ಲೇ ನಿಂತಿತು.

"ಅಂದ್ರ ಆಗಿನ ಕಾಲಕ್ಕ ನಾನು ಇದ್ದಿದ್ರ ಅಂಗಡ್ಯಾಗ ಏನು ಇಟಗೊಂಡು ಕೂಡ್ತಿದ್ದೆ?"

"ಜೋಳ, ಸಜ್ಜೆ, ಎಳ್ಳು, ಕುಸುಬೆ ಇದ್ವಲ್ರಿ."

"ಒಂದ ಕಥಿ ಬರದು ನನ್ನ ಅಂಗಡಿ ಖಾಲಿ ಮಾಡಿದ್ಯಲ್ಲ ಮಾರಾಯ್ತಿ," ಎಂದು ಅವರು ನಿಡುಸುಯ್ದರು.

ನಮ್ಮ ಅತ್ತೆ ಗೌರಮ್ಮನವರು ಇದನ್ನು ಅಷ್ಟು ಸುಲಭವಾಗಿ ಒಪ್ಪುವವರಲ್ಲ. ಅವರು ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೇ ಬಿಟ್ಟು ಎದುರಿಗೆ ಕೂತರು. "ಮೆಣಸಿನಕಾಯಿ ಇರಲಿಲ್ಲಂತ? ಹಂಗಾರ ಆಗಿನವರು ಕೂಸಿಗೆ ದೃಷ್ಟಿ ಹೆಂಗ ತಗೀತಿದ್ರು? ದೃಷ್ಟಿ ಆಗ್ತಿದ್ದಿಲ್ಲೇನು ಆಗ? ಆ ಮೇಷ್ಟ್ರನ ಕೇಳು." ನಾನು ಕೇಳಿದೆ. ಖಾದರ್ ಸರ್ ಉಪ್ಪು ಇತ್ತು ಎಂದು ಹೇಳಿರಿ ಎಂದರು. ಉಪ್ಪು ಒಲೆಗೆ ಹಾಕಿದರೆ ಬರೀ ಚಟಪಟ ಎನ್ನುತ್ತದೆ, ಘಾಟು ಬರದಿದ್ದರೆ ದೃಷ್ಟಿ ಹೋಯಿತೆಂದು ಗೊತ್ತಾಗುವುದು ಹೇಗೆ ಎಂದು ಅತ್ತೆ ಮರುಪ್ರಶ್ನೆ ಕಳಿಸಿದರು. ಒಂದು ವಾರ ನಾನು ಇವರಿಬ್ಬರ ನಡುವೆ ಅಂಚೆಯವಳಾಗಿ ಓಡಾಡಿದೆ. ಅತ್ತೆ ಕೊನೆಯ ತನಕ ಸೋಲಲಿಲ್ಲ. ದೇವರು ಲೋಕ ಮಾಡಿದ ದಿನವೇ ಒಂದು ಗಿಡ ಮೆಣಸಿನಕಾಯಿಯನ್ನೂ ನೆಟ್ಟಿದ್ದಾನೆ ಎಂಬುದು ಅವರ ಅಚಲ ತೀರ್ಮಾನ.

ಒಂದು ಮಧ್ಯಾಹ್ನ ಶಾಲೆ ಬೇಗ ಬಿಟ್ಟಿತ್ತು. ಯಜಮಾನರಿಗೆ ಬುತ್ತಿ ಕೊಡಲು ಯಾರ್ಡಿಗೆ ಹೋದೆ. ಮೆಣಸಿನಕಾಯಿಯ ಸುಗ್ಗಿ. ಕಟ್ಟೆಯ ಉದ್ದಕ್ಕೂ ಕೆಂಪು ಗುಡ್ಡಗಳು, ಅವುಗಳ ನಡುವೆ ಮೂಗಿಗೆ ಟವೆಲ್ ಕಟ್ಟಿಕೊಂಡು ಸೀನುತ್ತ ಓಡಾಡುವ ಜನ. ಎಷ್ಟೋ ವರ್ಷ ನೋಡಿದ ನೋಟ, ಆವತ್ತು ಮಾತ್ರ ನಾನು ನಿಂತುಬಿಟ್ಟೆ. ಯಾವುದೋ ಸಮುದ್ರದ ಆಚೆಯ ಕಾಯಿ. ಬೀಜವಾಗಿ ಯಾರದೋ ಹಡಗಿನ ಮೂಲೆಯಲ್ಲಿ ಬಂದದ್ದು. ಯಾವ ದೊರೆಯೂ ಅದಕ್ಕೆ ದಂಡು ಕಟ್ಟಲಿಲ್ಲ, ಯಾವ ಶಾಸನವೂ ಹೊರಡಲಿಲ್ಲ. ಯಾರೋ ಒಬ್ಬಳು ಹಿತ್ತಿಲಿನಲ್ಲಿ ಊರಿದಳು, ಪಕ್ಕದ ಮನೆಯವಳು ನನಗೂ ನಾಲ್ಕು ಬೀಜ ಕೊಡೇ ಎಂದಳು. ಹಾಗೆ ಹಿತ್ತಿಲಿನಿಂದ ಹಿತ್ತಿಲಿಗೆ ನಡೆದು ಗೋವಾದಿಂದ ನಮ್ಮೂರಿಗೆ ಬಂತು. ಬಂದಾಗ ಅದಕ್ಕೆ ಹೆಸರಿರಲಿಲ್ಲ. ನಮ್ಮಲ್ಲಿ ಖಾರಕ್ಕೆಂದು ಇದ್ದದ್ದು ಕಾಳುಮೆಣಸು. ಇದು ಮೆಣಸಿನಂಥ ಕಾಯಿ, ಮೆಣಸಿನಕಾಯಿ ಎಂದು ಕರೆದರು. ಎಂದಿನಿಂದಲೋ ನಾನೇ ಹುಡುಗರಿಂದ ಬಿಡಿಸಿ ಬರೆಸುತ್ತಿದ್ದ ಪದ. ಒಳಗೆ ಒಂದು ಸಮುದ್ರಯಾನ ಕೂತಿದೆ ಎಂದು ಹೊಳೆದಿರಲಿಲ್ಲ. ಯೋಚಿಸಿದರೆ ಅದು ಸೊಸೆಯ ಕಥೆಯೇ. ಹೊರಗಿನಿಂದ ಬಂದು, ಮನೆಯ ಹಳೆಯವರ ಹೆಸರು ಹಿಡಿದು ಒಳಗೆ ಸೇರಿ, ನೋಡನೋಡುತ್ತ ಇಡೀ ಅಡುಗೆಮನೆಯನ್ನು ಕೈಗೆ ತೆಗೆದುಕೊಳ್ಳುವುದು. ಪಾಪ, ಮೆಣಸು ಅತ್ತೆಯ ಹಾಗೆ ಡಬ್ಬಿಯ ಮೂಲೆಗೆ ಸರಿಯಿತು. ಈ ಹೋಲಿಕೆಯನ್ನು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಸೀನು ಬಂದ ನೆಪದಲ್ಲಿ ಕಣ್ಣು ಒರೆಸಿಕೊಂಡು ಬುತ್ತಿ ಕೊಟ್ಟು ಬಂದೆ.

ಬೆರಗು ಬೆರಗಿನ ಕಡೆಗಿರಲಿ, ಕಥೆ ಅಲ್ಲೇ ನಿಂತಿತ್ತು. ಮಿರ್ಚಿ ಹೋದ ಮೇಲೆ ದೊರೆ ತಿರುಗಲು ಕಾರಣವೇ ಇಲ್ಲ. ತಿರುಗದಿದ್ದರೆ ದೇವರು ಹೊಸಪೇಟೆ ಸೇರಿಬಿಡುತ್ತಾನೆ, ಹೊಳಲಿನವರು ನನ್ನನ್ನು ಸುಮ್ಮನೆ ಬಿಡುತ್ತಾರೆಯೇ? ಆಗಿನ ಕಾಲದ ಪದಾರ್ಥಗಳಲ್ಲೇ ದೊರೆಯನ್ನು ತಿರುಗಿಸುವ ಇನ್ನೊಂದು ವಾಸನೆ ಹುಡುಕಬೇಕಿತ್ತು. ನನಗೆ ಗೊತ್ತಿರುವ ದೊರೆ ಒಬ್ಬರೇ. ಅವರು ಸಂಜೆ ಅಂಗಡಿ ಮುಚ್ಚಿ ಬಂದ ಕೂಡಲೇ ವಿನಂತಿಸಿಕೊಂಡೆ. ನೀವು ಬಾಗಿಲಿನಿಂದ ಓಣಿಯ ಮೂಲೆಯ ಕರೆಂಟ್ ಕಂಬದ ತನಕ ನಡೆಯಿರಿ, ನಾನು ಒಳಗೆ ಒಲೆ ಹಚ್ಚುತ್ತೇನೆ, ಮನಸ್ಸು ತಡೆಯದಿದ್ದರೆ ಮಾತ್ರ ತಿರುಗಿ ನೋಡಿರಿ ಎಂದೆ. ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ಗಂಡಂದಿರು ಯಾಕೆ ಎಂದು ಕೇಳುವುದನ್ನು ಬಿಟ್ಟಿರುತ್ತಾರೆ. ನಡೆದರು.

ಮೊದಲ ದಿನ ಬದನೆಕಾಯಿ ಬಜ್ಜಿ. ಪಕ್ಕದ ಮನೆಯ ಇಬ್ಬರು ತಿರುಗಿ ನೋಡಿದರು, ದೊರೆ ನೋಡಲಿಲ್ಲ. ಎರಡನೆಯ ದಿನ ಎಳ್ಳು ಹುರಿದೆ. ನೋಡಲಿಲ್ಲ. ಬೆಲ್ಲದ ಪಾಕ ಕಾಯಿಸಿದೆ, ಬೆಣ್ಣೆ ಕರಗಿಸಿದೆ, ಇಂಗಿನ ಒಗ್ಗರಣೆ ಹಾಕಿದೆ. ದೊರೆ ಕಂಬ ಮುಟ್ಟಿ, ಕಂಬಕ್ಕೆ ಒರಗಿ, ಅಲ್ಲೇ ಸಿಕ್ಕವರ ಹತ್ತಿರ ಮಳೆಯ ಸುದ್ದಿ ಮಾತಾಡಿ ಬಂದರು. "ದೊರಿ ಹಸದಿದ್ನೋ ಉಂಡಿದ್ನೋ ಅದನ್ನರ ಹೇಳು," ಎಂದು ಒಂದು ದಿನ ಕೇಳಿದರು. "ಅಂಗಡ್ಯಾಗ ಭಜಿ ತಿಂದು ಬಂದೀನಿ ನಾನು. ದೊರಿನೂ ಏನರ ತಿಂದಿರಬೇಕಲ್ಲ." ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಅಷ್ಟರಲ್ಲಿ ಎದುರು ಮನೆಯ ನಾಗಮ್ಮ ನನ್ನನ್ನು ಬಾವಿಕಟ್ಟೆಯಲ್ಲಿ ಹಿಡಿದು, "ನಿಮ್ಮ ಯಜಮಾನ್ರು ದಿನಾ ಸಂಜಿಕ ಕಂಬದ ತನಾ ನಡದು ಬರ್ತಾರಲ್ಲ, ಸಕ್ಕರಿ ಕಾಯಿಲಿ ಏನ್ರಿ?" ಎಂದು ಮರುಗಿದರು. ಅಂದಿಗೆ ಪ್ರಯೋಗ ನಿಲ್ಲಿಸಿದೆ. ಪ್ರಕಾಶಕರಿಗೆ ಕಥೆ ಕೊಡುವುದಿಲ್ಲ ಎಂದು ಹೇಳಿಬಿಡಬೇಕೆಂದೂ ನಿರ್ಧರಿಸಿದೆ.

ಅಷ್ಟು ಹೊತ್ತಿಗೆ ನಮ್ಮ ನಾದಿನಿ ಶಾಂತಾ ಹೆರಿಗೆಗೆ ತವರಿಗೆ ಬಂದಿದ್ದಳು. ಯಜಮಾನರಿಗೆ ಒಬ್ಬಳೇ ತಂಗಿ. ಮದುವೆಯಾಗಿ ಬಹಳ ವರ್ಷ ಕಾದು, ಕೂಸು ಆಗಿ ಉಳಿಯದೆ ಹೋದದ್ದನ್ನೂ ನೋಡಿ, ಈ ಸಲ ಎಲ್ಲರೂ ಉಸಿರು ಬಿಗಿಹಿಡಿದೇ ಓಡಾಡುತ್ತಿದ್ದೆವು. ಅತ್ತೆಯಂತೂ ಮಾತು ಕಡಿಮೆ ಮಾಡಿದ್ದರು, ಮೆಣಸಿನಕಾಯಿಯ ವಾದ ಕೂಡ ನಿಂತಿತ್ತು. ಆಸ್ಪತ್ರೆಯಲ್ಲಿ ಹೆರಿಗೆ ಕಷ್ಟವಾಯಿತು. ಡಾಕ್ಟರಮ್ಮ ಹೊರಗೆ ಬಂದು ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದಾಗ ಅತ್ತೆ ಕಾರಿಡಾರಿನ ನೆಲದ ಮೇಲೆ ಕೂತು, ಸೆರಗು ಬಾಯಿಗೆ ಹಿಡಿದು, ಬಹಳ ಹೊತ್ತು ಏಳಲಿಲ್ಲ. ಯಜಮಾನರು ಗೋಡೆಯ ಮೇಲಿನ ಲಸಿಕೆಯ ಪಟವನ್ನು ಓದುತ್ತಲೇ ನಿಂತಿದ್ದರು. ಅದನ್ನು ಅವರು ಆಗಲೇ ಎಷ್ಟು ಸಲ ಓದಿದ್ದರೋ.

ಬಾಣಂತಿ ಕೂಸು ಮನೆಗೆ ಬಂದ ಬೆಳಿಗ್ಗೆ ಅತ್ತೆ ಅಡುಗೆಮನೆಗೆ ನನ್ನನ್ನು ಬಿಟ್ಟುಕೊಳ್ಳಲಿಲ್ಲ. ಒಳಕಲ್ಲಿನಲ್ಲಿ ಏನನ್ನೋ ಕುಟ್ಟುವ ಸದ್ದು ಬರುತ್ತಿತ್ತು. ಯಜಮಾನರು ಕೂಸಿನ ಮುಖ ನೋಡಿ, ಎತ್ತಿಕೊಳ್ಳಲು ಹೆದರಿ, ಅಂಗಡಿಗೆ ಹೊತ್ತಾಯಿತು ಎಂದು ಸ್ಕೂಟರ್ ಹತ್ತಿ ಹೊರಟರು. ನಾನು ಬಾಗಿಲಲ್ಲಿದ್ದೆ. ಆಗ ಒಳಗಿನಿಂದ ಚುಂಯ್ ಎಂದು ಒಗ್ಗರಣೆಯ ಸದ್ದಾಯಿತು. ತುಪ್ಪದಲ್ಲಿ ಬೆಳ್ಳುಳ್ಳಿ, ಮೆಣಸು, ಜೀರಿಗೆ. ಘಮ ನನ್ನನ್ನು ದಾಟಿ ಓಣಿಗೆ ಹೋಯಿತು. ಕಂಬದ ಹತ್ತಿರ ಸ್ಕೂಟರ್ ನಿಂತಿತು. ಯಜಮಾನರು ಒಂದು ಕಾಲು ನೆಲಕ್ಕೂರಿ ತಿರುಗಿ ನೋಡಿದರು. ನೋಡುತ್ತಲೇ ಇದ್ದರು.

ನಾನು ನಡೆದು ಹೋದೆ. "ಏನಾತ್ರಿ? ಏನರ ಮರೆತು ಬಂದ್ರೇನು?"

"ಇಲ್ಲ," ಎಂದರು. ಅವರ ದನಿ ಎಂದಿನಂತಿರಲಿಲ್ಲ. "ಶಾಂತಾ ಹುಟ್ಟಿದ ದಿನ ನನ್ನ ಕಟ್ಟಿ ಮ್ಯಾಲ ಕೂಡ್ಸಿದ್ರು, ಒಳಗ ಬಿಟ್ಟಿದ್ದಿಲ್ಲ. ಅವ್ವಗ ಏನೋ ಆಗೇತಿ ಅಂತ ನಾನು ಅಳಕೋತ ಕುಂತಿದ್ದೆ. ಆಮ್ಯಾಲ ಇದ ವಾಸನಿ ಬಂತು. ನಮ್ಮಪ್ಪನ ಅವ್ವ, ಆಯಿ, ಹೊರಗ ಬಂದು, ಇನ್ನ ಅಳಬ್ಯಾಡ, ನಿಮ್ಮವ್ವ ಉಣ್ಣಾಕ ಹತ್ಯಾಳ ಅಂದ್ಲು." ಸ್ಕೂಟರಿನ ಕನ್ನಡಿ ಸರಿಮಾಡುತ್ತ, "ಇಷ್ಟು ವರ್ಷ ನೆನಪ ಇದ್ದಿಲ್ಲ ನೋಡು ಇದು," ಎಂದರು. ಸ್ಕೂಟರ್ ಒದ್ದು ಹೊರಟುಹೋದರು.

ನಾನು ನೇರ ಅಡುಗೆಮನೆಗೆ ಹೋದೆ. ಸಾರು ಕುದಿಯುತ್ತಿತ್ತು. ಒಳಕಲ್ಲು ನೋಡಿದೆ, ಪಾತ್ರೆ ನೋಡಿದೆ. ಕೆಂಪು ಎಂಬುದು ಎಲ್ಲೂ ಇರಲಿಲ್ಲ.

"ಅತ್ತಿ, ಇದಕ್ಕ ಮೆಣಸಿನಕಾಯಿ ಯಾಕ ಹಾಕಿಲ್ರಿ?"

"ಬಾಣಂತಿಗೆ ಯಾರರ ಮೆಣಸಿನಕಾಯಿ ಹಾಕ್ತಾರೇನು? ನಿನಗ ನಿನ್ನ ತವರಾಗ ಹಾಕಿದ್ರೇನು?"

"ಯಾಕ ಹಾಕಂಗಿಲ್ಲ?"

"ಹಾಕಂಗಿಲ್ಲ ಅಂದ್ರ ಹಾಕಂಗಿಲ್ಲ. ನಮ್ಮತ್ತಿ ನನಗ ಹಾಕಲಿಲ್ಲ, ಅವರತ್ತಿ ಅವರಿಗೆ ಹಾಕಲಿಲ್ಲ. ಸರಿ ಆಕಡಿ, ಅನ್ನ ಆರತೈತಿ."

ನಾನು ಸರಿದು ಗೋಡೆಗೆ ಒರಗಿ ನಿಂತೆ. ಅತ್ತೆ, ಅವರತ್ತೆ, ಅವರತ್ತೆಯ ಅತ್ತೆ. ಒಬ್ಬರ ಹಿಂದೆ ಒಬ್ಬರು ಸೌಟು ಹಿಡಿದು ನಿಂತ ಆ ಸಾಲು ನನ್ನ ಕಣ್ಣ ಮುಂದೆ ಹಿಂದಕ್ಕೆ ಹಿಂದಕ್ಕೆ ಹೋಯಿತು. ಹಡಗು ಬರುವ ಮುಂಚಿನ ಅಡುಗೆಮನೆಗೆ, ದೊರೆ ಬದುಕಿದ್ದ ಕಾಲದ ಒಲೆಯ ತನಕ. ಮನೆಯ ಎಲ್ಲ ಪಾತ್ರೆಗಳೊಳಗೆ ಹೊಸ ಕಾಯಿ ಇಳಿದರೂ ಈ ಒಂದು ಪಾತ್ರೆಗೆ ಮಾತ್ರ ಯಾರೂ ಇಳಿಸಿರಲಿಲ್ಲ. ಸೂಲಗಿತ್ತಿಯ ಭಯವೋ, ಕೂಸಿನ ಹೊಟ್ಟೆಯ ಚಿಂತೆಯೋ, ಹೊಸತನ್ನು ಹಚ್ಚಿ ನೋಡುವ ಧೈರ್ಯ ಬಾಣಂತಿಯ ತಟ್ಟೆಯ ಮುಂದೆ ಯಾರಿಗೂ ಬಂದಿರಲಿಲ್ಲ. ಹುಟ್ಟುವ ಪ್ರತಿ ಕೂಸೂ ಮೊದಲು ಉಣ್ಣುವ ಹಾಲು ಆ ಹಳೆಯ ಕಾಲದ ಸಾರಿನದು. ನಾವೆಲ್ಲ ಮೊದಲು ಅಲ್ಲಿ ಉಂಡು, ಆಮೇಲೆ ನಮ್ಮ ಕಾಲಕ್ಕೆ ಬಂದವರು. ಇದಕ್ಕೆ ಆಧಾರ ಕೇಳಬೇಡಿ, ನನ್ನ ಹತ್ತಿರ ಇಲ್ಲ. ಆದರೆ ಹೊಳಲಿನ ದೇವರ ಮುಂದೆ ನಿಂತಾಗಲೂ ಆಗದಷ್ಟು ರೋಮಾಂಚನ ನನಗೆ ಆ ಸಾರಿನ ಮುಂದೆ ಆಯಿತು. ಅತ್ತೆ ನನ್ನ ಮುಖ ನೋಡಿ, "ನಿನಗೂ ಒಂದೀಟು ಬೇಕೇನು?" ಎಂದು ಲೋಟಕ್ಕೆ ಹಾಕಿಕೊಟ್ಟರು.

ಕಥೆ ಎರಡು ದಿನದಲ್ಲಿ ಬದಲಾಯಿತು. ಚೆನ್ನಿ ಹುಣಸೆ ಮರ ಇಳಿದಳು. ಅವಳಿಗೆ ಯಾವ ಉಪಾಯವೂ ಇಲ್ಲ, ಕಟ್ಟೆಯ ಮೇಲೆ ಅಳುತ್ತ ಕೂತಿದ್ದಾಳೆ. ಒಳಗೆ ಅವಳ ಅವ್ವನಿಗೆ ಹೆರಿಗೆ. ದೊರೆ ಮನೆಯ ಮುಂದೆ ಹಾದು ಹೋಗುತ್ತಾನೆ, ಅವನ ಹಿಂದೆ ಕಾಣದ ಹೆಜ್ಜೆಗಳು. ಅವನಿಗೆ ಹಸಿವಿಲ್ಲ, ಅನುಮಾನವೂ ಇಲ್ಲ. ಊರು ದಾಟುವ ಹೊತ್ತಿಗೆ ತುಪ್ಪದ ಒಗ್ಗರಣೆ ಬೀಳುತ್ತದೆ. ದೊರೆಯೂ ಒಬ್ಬ ತಾಯಿಯ ಮಗ, ಅವನೂ ಎಂದೋ ಯಾವುದೋ ಬಾಗಿಲ ಹೊರಗೆ ಕಾದವನು. ಯಾರ ಮನೆಗೆ ಯಾರು ಬಂದರು ಎಂದು ಕೊಟ್ಟ ಮಾತನ್ನೂ ಮರೆತು ತಿರುಗುತ್ತಾನೆ. ದೇವರು ನಿಲ್ಲುತ್ತಾನೆ. ಈಗತಾನೆ ಒಬ್ಬರು ಬಂದ ಊರನ್ನು ನಾನು ಬಿಟ್ಟು ಹೇಗೆ ಹೋಗಲಿ ಎನ್ನುತ್ತಾನೆ.

ಖಾದರ್ ಸರ್ ಇ‌ದನ್ನು ನನ್ನ ಎದುರಿಗೇ ಓದಿದರು. ನಾನು ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಬೆರಳು ಮಡಚಿ ಕೂತಿದ್ದೆ. ಬೆಳ್ಳುಳ್ಳಿ ಇತ್ತು ಎಂದರು ತಮ್ಮಷ್ಟಕ್ಕೆ. ಜೀರಿಗೆ ಇತ್ತು. ಮೆಣಸು ಇತ್ತು, ಅದಕ್ಕೇ ಅಲ್ಲವೇ ಹಡಗು ಬಂದದ್ದು. ತುಪ್ಪಕ್ಕೆ ಯಾರ ತಕರಾರೂ ಇಲ್ಲ. ಕೊನೆಯ ಪುಟ ಮುಗಿದ ಮೇಲೂ ಅವರು ಒರೆಸಲೆಂದು ಕನ್ನಡಕ ತೆಗೆಯಲಿಲ್ಲ.

"ನಮ್ಮ ಮನ್ಯಾಗೂ ಹಿಂಗ ರೀ," ಎಂದರು ಕಡೆಗೆ. "ಶುಂಠಿ, ಅಜಿವಾನ, ಬೆಲ್ಲ ಹಾಕಿ ಮಾಡ್ತಾರ. ಅಛವಾನಿ ಅಂತೀವಿ. ನಮ್ಮ ಅಮ್ಮಿ ಮಾಡಿದ್ರ ಓಣಿ ತುಂಬ ವಾಸನಿ ಬರತಿತ್ತು. ಯಾರ ಮನಿ, ಏನು ಅಂತ ಯಾರೂ ಕೇಳ್ತಿದ್ದಿಲ್ಲ, ಎಲ್ಲಾರಿಗೂ ತಿಳೀತಿತ್ತು." ಹಾಳೆಗಳನ್ನು ಜೋಡಿಸಿ ನನ್ನ ಕಡೆ ಸರಿಸಿದರು. "ದೊರಿ ತಿರುಗಿ ನೋಡೇ ನೋಡ್ತಾನ್ರಿ. ನೋಡಿಲ್ಲಂದ್ರ ಅವ ದೊರಿ ಅಲ್ಲ."

ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಮಕ್ಕಳಿಗೆ ಒಮ್ಮೆ ಓದಿ ಹೇಳೋಣ ಎಂದು ಇಬ್ಬರೂ ಸೇರಿ ಎಂಟನೆಯ ತರಗತಿಯವರನ್ನು ಹೊಳಲಿಗೆ ಕರೆದುಕೊಂಡು ಹೋದೆವು. ಒಳಗೆ ಅರೆಗತ್ತಲಲ್ಲಿ ದೇವರು ಮಲಗಿದ್ದ. ಬಸ್ಸಿನಲ್ಲಿ ಕಿವಿ ತೂತು ಬೀಳುವಂತೆ ಹಾಡಿಕೊಂಡು ಬಂದಿದ್ದ ಹುಡುಗರು ಆ ಮುಖ ಕಂಡ ಕೂಡಲೇ, ನಿದ್ದೆ ಮಾಡುವ ಹಿರಿಯರಿರುವ ಮನೆಗೆ ಬಂದವರಂತೆ, ತುದಿಗಾಲಿನಲ್ಲಿ ನಡೆದರು. ಹೊರಗೆ ನೆರಳಿನಲ್ಲಿ ಕೂರಿಸಿಕೊಂಡು ನಾನು ಓದಿದೆ. ದೊರೆ ತಿರುಗುವಲ್ಲಿಗೆ ಬಂದಾಗ ಇಬ್ಬರು ಹುಡುಗರು ತಾವೂ ಹಿಂದೆ ತಿರುಗಿ ನೋಡಿದರು. ಓದಿ ಮುಗಿಸಿ, ಚರಿತ್ರೆ, ನಂಬಿಕೆ, ಕಲ್ಪನೆ, ಮೆಣಸು, ಹಡಗು ಇವುಗಳ ಬಗ್ಗೆ ಯಾವ ಪ್ರಶ್ನೆ ಬಂದರೂ ಉತ್ತರಿಸಲು ನಾನು ಗಂಟಲು ಸರಿಮಾಡಿಕೊಂಡೆ.

ಹಿಂದಿನ ಸಾಲಿನಿಂದ ಹುಲಿಗೆಮ್ಮ ಎಂಬ ಹುಡುಗಿ ಎದ್ದಳು. "ಟೀಚರ್, ಕೂಸು ಹೆಣ್ಣೋ ಗಂಡೋ?"

ನನಗೆ ಗೊತ್ತಿರಲಿಲ್ಲ. ಒಗ್ಗರಣೆಯ ಪ್ರತಿ ಕಾಳನ್ನೂ ಕಾಲದ ತಕ್ಕಡಿಯಲ್ಲಿ ತೂಗಿದ್ದ ನಾನು ತೊಟ್ಟಿಲಿಗೆ ಇಣುಕಿಯೇ ಇರಲಿಲ್ಲ. ಖಾದರ್ ಸರ್ ಕಡೆ ನೋಡಿದೆ. ಅವರು ನನ್ನ ಕಡೆ ನೋಡಿದರು.

"ಗಂಡು ಇರಬೇಕು ತಗೋ," ಎಂದ ಮುಂದಿನ ಸಾಲಿನ ಒಬ್ಬ ಹುಡುಗ. "ಅದಕ್ಕ ದೊರಿ ತಿರುಗಿ ನೋಡ್ಯಾನ."

ಹುಲಿಗೆಮ್ಮ ಅವನನ್ನು ಒಂದು ಗಳಿಗೆ ನೋಡಿದಳು. "ದೊರಿಗೆ ಹೆಂಗ ಗೊತ್ತಾಗಬೇಕು?" ಎಂದಳು. "ಅವಗ ಬಂದಿದ್ದು ಸಾರಿನ ವಾಸನಿ. ಸಾರು ಎರಡಕ್ಕೂ ಒಂದ ಇರ್ತತಿ." ಹೇಳಿ ಕೂತಳು. ಕೂತು, ಪಕ್ಕದವಳ ಹತ್ತಿರ ಮಂಡಕ್ಕಿ ಇಸಿದುಕೊಂಡು ತಿನ್ನತೊಡಗಿದಳು.

ಕಥೆಯ ಕೊನೆಯ ಸಾಲಾಗಿ ಆ ಮಾತು ಪುಸ್ತಕದಲ್ಲಿದೆ. ಓದಿದವರೆಲ್ಲ ಮೆಚ್ಚುವುದು ಅದನ್ನೇ. ಐನೂರು ವರ್ಷದ ಹಿಂದಿನ ಒಲೆಯನ್ನು ಹುಡುಕಿದ ನನ್ನ ಶ್ರಮದ ಬಗ್ಗೆ ಇವತ್ತಿನ ತನಕ ಯಾರೂ ಒಂದು ಮಾತು ಆಡಿಲ್ಲ. ಆ ಕೊನೆಯ ಸಾಲು ನಿಮಗೆ ಹೇಗೆ ಹೊಳೆಯಿತು ಮೇಡಂ ಎಂದು ಕೇಳಿದಾಗಲೆಲ್ಲ ನಾನು ತಲೆ ತಗ್ಗಿಸುತ್ತೇನೆ. ಜನ ಅದನ್ನು ವಿನಯ ಎಂದುಕೊಂಡಿದ್ದಾರೆ.